ಮುಂತಹಾ ಬರೆಯಲೊಲ್ಲದ ಶವಯಾತ್ರೆ

ಮುಂತಹಾ ಶಲ್ಹೂಬ್ ಅವರು ಬೀದಿಯಲ್ಲಿ ಒಬ್ಬರೇ ನಡೆದು ಬಂದರೆ ನಾಲ್ಕು ಜನ ಜಗಳವಾಡುತ್ತ ಬಂದಂತೆ ಕೇಳುತ್ತದೆ. ಅತ್ತೆಯ ಗೊಗ್ಗರು ದನಿ, ಸೊಸೆಯ ಬಿಕ್ಕು, ವಕೀಲನ ಕೆಮ್ಮು, ಹೀಗೆ ತಾವು ಬರೆಯುತ್ತಿರುವ ಪಾತ್ರಗಳನ್ನೆಲ್ಲ ಬಾಯಲ್ಲಾಡಿಸುತ್ತ, ತೀರಿಹೋದ ಗಂಡನ ಕಂದು ಕೋಟಿನ ಜೇಬಿನಲ್ಲಿ ಮೋಟು ಪೆನ್ಸಿಲುಗಳನ್ನು ಸದ್ದುಮಾಡಿಸುತ್ತ, ಎಡಗಾಲನ್ನು ಕೊಂಚ ಎಳೆದು ಅವರು ನಮ್ಮ ಫುರ್ನ್ ಅಲ್ ಶುಬ್ಬಾಕ್ ಬಡಾವಣೆಯ ಏರು ಹತ್ತುವಾಗ ತರಕಾರಿಯವನು ಕೂಗುತ್ತಾನೆ: "ಇವತ್ತು ಯಾರನ್ನ ಸಾಯಿಸ್ತಿದೀರಿ, ಮೇಡಂ?"

"ನಿನ್ನ ಟೊಮೆಟೊ ತಿಂದೋರು ತಾವಾಗೇ ಸಾಯ್ತಾರೆ. ನಂಗ್ಯಾಕೆ ಆ ಕೆಲಸ?"

ನಾಟಕದಿಂದ ಆರಂಭಿಸಿ, ಅಂತರ್ಯುದ್ಧದಲ್ಲಿ ರಂಗಮಂದಿರಗಳು ಮುಚ್ಚಿದ ಮೇಲೆ ಟೆಲಿವಿಷನ್ನಿಗೆ ಬಂದು, ಮೂವತ್ತು ವರ್ಷ ರಂಜಾನ್ ತಿಂಗಳ ಧಾರಾವಾಹಿಗಳನ್ನು ಬರೆದವರು ಅವರು. ಆ ಕೈಬರಹ ನನಗೊಬ್ಬಳಿಗೇ ತಿಳಿಯುವುದರಿಂದ ಐದು ವರ್ಷಗಳಿಂದ ನಾನು ಟೈಪು ಮಾಡಿಕೊಡುತ್ತಿದ್ದೇನೆ. ಆದರೆ ಬರೆದದ್ದು ಮೊದಲು ತಲುಪುವುದು ಬೆಳಗಿನ ಕಾಫಿಗೆ. ಗಂಡಸರು ಕೆಲಸಕ್ಕೆ ಹೊರಟ ಮೇಲೆ ನಮ್ಮ ಕಟ್ಟಡದ ಹೆಂಗಸರು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಸೇರಿ ದ್ರಾಕ್ಷಿ ಎಲೆಗಳಲ್ಲಿ ಅಕ್ಕಿ ಸುತ್ತುತ್ತ ಕೂರುತ್ತಾರೆ, ಮುಂತಹಾ ಓದುತ್ತಾರೆ. ಕೈಗಳು ನಿಂತರೆ ದೃಶ್ಯ ಉಳಿಯಿತು. ಸುತ್ತುತ್ತಲೇ ಇದ್ದರೆ ಅಲ್ಲೇ ಹರಿದು ಹಾಕುತ್ತಾರೆ.

ಕಳೆದ ವರ್ಷದ ಧಾರಾವಾಹಿಯಲ್ಲಿ, ಯುದ್ಧಕಾಲದಲ್ಲಿ ಬಂದೂಕಿನವರು ರಸ್ತೆಯಲ್ಲಿ ಬಸ್ಸು ತಡೆದು ಇಳಿಸಿಕೊಂಡು ಹೋದ, ಮತ್ತೆ ಮರಳದ ಹುಡುಗನೊಬ್ಬನ ತಾಯಿ ಇದ್ದಳು. ಕೊನೆಯ ಕಂತಿನಲ್ಲಿ ಶವಯಾತ್ರೆ ಬೇಕೇ ಬೇಕೆಂದ ನಿರ್ಮಾಪಕ. ಮುಂತಹಾ ಒಲ್ಲದ ಮನಸ್ಸಿನಿಂದ ಬರೆದು, ವಾಡಿಕೆಯಂತೆ ಓದಿದರು. ಎಲ್ಲರ ಕೈಗಳೂ ನಿಂತವು. ಅವರ ನಿಯಮದಂತೆ ದೃಶ್ಯ ಗೆದ್ದಿತ್ತು.

ಆಗ ಉಮ್ ನಖ್ಲೆ ಮಾತನಾಡಿದರು. ಹಾಗೆಂದರೆ ನಖ್ಲೆಯ ತಾಯಿ; ಹಿರಿಮಗನ ಹೆಸರಿನಿಂದಲೇ ನಮ್ಮಲ್ಲಿ ತಾಯಂದಿರನ್ನು ಕರೆಯುವುದು. ಆ ನಖ್ಲೆಯನ್ನು ಅಂಥದೇ ಒಂದು ಬಸ್ಸಿನಿಂದ ಇಳಿಸಿಕೊಂಡು ಹೋಗಿ ಮೂವತ್ತೆಂಟು ವರ್ಷವಾಗಿತ್ತು.

"ಚೆನ್ನಾಗಿ ಬರ್ದಿದೀಯ ಕಣೇ," ಎಂದರು ಆಕೆ. "ನಾಳೆಯಿಂದ ನನ್ನ ಏನಂತ ಕರೀತೀಯ?"

ಮುಂತಹಾ ಹಾಳೆಗಳನ್ನು ಮಡಚಿದರು. ಮಧ್ಯಾಹ್ನ, ಶವಯಾತ್ರೆ ಬರೆದುಕೊಡಲಾರೆನೆಂದು ನಿರ್ಮಾಪಕನಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲಿದ್ದೆ.

"ಮೇಡಂ, ಜನ ಅಳಬೇಕು. ನೀವು ಬರೀದಿದ್ರೆ ಬೇರೆಯೋರು ಬರೀತಾರೆ."

"ಬರೀಲಿ. ನನ್ನ ಹೆಸರು ತೆಗೀರಿ."

"ಮುಂದಿನ ರಂಜಾನಿಗೆ ನಿಮ್ಮನ್ನ ಯಾರೂ ಕರಿಯಲ್ಲ."

"ಕರೀಲಿ ಅಂತ ಕಾಯೋಕೆ ನಾನೇನು ಮದುವೆ ನೆಂಟಳಾ?"

ಶವಯಾತ್ರೆ ಪ್ರಸಾರವಾಯಿತು, ದೇಶವೆಲ್ಲ ಅತ್ತಿತಂತೆ. ಮುಂತಹಾರನ್ನು ನಿಜವಾಗಿಯೂ ಯಾರೂ ಕರೆಯಲಿಲ್ಲ. ಅರವತ್ತನಾಲ್ಕರ ವಯಸ್ಸಿನಲ್ಲಿ ಅವರು ಮತ್ತೆ ನಾಟಕಕ್ಕೆ ಕೂತಿದ್ದಾರೆ. ಮಗ ಸತ್ತನೆಂದು ಬರೆದ ಕಾಗದಕ್ಕೆ ರುಜು ಕೇಳಲು ಬಂದ ಗುಮಾಸ್ತನೂ, ರುಜು ಹಾಕದ ತಾಯಿಯೂ, ಇಬ್ಬರೇ ಪಾತ್ರಗಳು. ಶಾಲೆಯೊಂದರ ನೆಲಮಾಳಿಗೆಯಲ್ಲಿ ಅರವತ್ತು ಕುರ್ಚಿ ಹಿಡಿಸುವ ಜಾಗ ಸಿಕ್ಕಿದೆ.

"ಕೊನೆಗೆ ಏನಾಯ್ತು ಅಂತ ಜನ ಕೇಳ್ತಾರೆ," ಎಂದೆ ನಾನು, ಟೈಪು ಮಾಡುತ್ತ.

"ಕೇಳ್ಲಿ. ಆ ತಾಯಿನೂ ಅದನ್ನೇ ಅಲ್ವಾ ಕೇಳ್ತಿರೋದು?"

ಕಥೆಗೆ ಮುಕ್ತಾಯ ಕೊಡುವುದೇ ಕಸುಬಾಗಿದ್ದರೂ, ಬದುಕು ಮುಗಿಸದೆ ಬಿಟ್ಟದ್ದನ್ನು ತಾವು ಮುಗಿಸಲಾರೆವೆನ್ನುವ ಜನ ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಊರು ಒಮ್ಮೆ ಅತ್ತು ಹಗುರಾಗಿ ಮನೆಗೆ ಹೋಗುತ್ತದೆ. ಇವರು ಮಾತ್ರ, ಇನ್ನೂ ಕಾಯುತ್ತಿರುವವರ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ.