ನೇರ ಬೆರಳು

ಟಪ್ ಅಂತು, ಒಣ ಕಡ್ಡಿ ಮುರಿದ ಹಾಗೆ, ಅಪ್ಪನ ಅಂಗೈಯೊಳಗೆ, ಡಾಕ್ಟರಮ್ಮ ಮತ್ತೆ ಸೂಜಿ ಚುಚ್ಚುತ್ತಾಳೆ, ಚರ್ಮದಡಿಯ ಪೊರೆ ಗಟ್ಟಿಯಾಗಿ ಬೆರಳನ್ನ ಒಳಕ್ಕೆ ಎಳೀತಿದೆ ಟಾರ್ಕ್ವಿಲ್ ಅವರೇ, ಒಂದೊಂದೇ ಎಳೆ ಕಡೀತೀನಿ, ಅಷ್ಟೆ — ಅಷ್ಟೆಯಂತೆ, ಆ ಕಿರುಬೆರಳು ಮಡಚಿಕೊಂಡಿತೆಂದು ಬ್ಯಾಗ್‌ಪೈಪ್ ವಾದ್ಯದ ಕೊಳವೆಯ ತೂತು ಮುಚ್ಚಲಾಗದೆ ಸ್ಕೈ ದ್ವೀಪದ ದೊಡ್ಡ ಗುರು ನಮ್ಮಪ್ಪ ಚಳಿಗಾಲವಿಡೀ ಒಲೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದ, ಆ ಮುಖ ನೋಡುತ್ತ ಓಟ್ಸ್ ಗಂಜಿ ಕುಡಿಯುವುದು ನನಗೆ ಎಷ್ಟು ರುಚಿಯಾಗಿತ್ತು, ಮತ್ತೆ ಟಪ್, ಅಂಗೈಯ ಚರ್ಮವಷ್ಟೇ ಮರಗಟ್ಟಿದೆ, ನೋವಿಲ್ಲವಂತೆ, ಅನ್ಯಾಯ, ನನಗೆ ಯಾರು ಮರಗಟ್ಟಿಸಿದ್ದರು, ಇಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನ ಕಿರುಬೆರಳೂ ಹೀಗೇ ಬಗ್ಗತೊಡಗಿದಾಗ, ಸೋಮಾರಿ, ಬೆರಳು ನೆಟ್ಟಗಿಡು ಎಂದು ಅಭ್ಯಾಸದ ಮರದ ಕೊಳವೆಯಿಂದಲೇ ಗೆಣ್ಣಿನ ಮೇಲೆ ಬಾರಿಸಿದ ಇದೇ ಅಪ್ಪ, ಶಿಷ್ಯರೆಲ್ಲ ನೋಡುತ್ತಿದ್ದರು, ಮುತ್ತಾತನ ಪೈಪನ್ನು ನನ್ನ ತೋಳಿನಡಿಯಿಂದ ಕಿತ್ತು ಚಿಕ್ಕಪ್ಪನ ಮಗ ರೂರಿಗೆ ಕೊಟ್ಟ, ಅವನು ನುಡಿಸಿದರೆ ಕುರಿ ಈಯುವಾಗ ಅರಚಿದ ಹಾಗೆ, ಆದರೆ ಬೆರಳು ನೆಟ್ಟಗಿತ್ತಲ್ಲ — ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಇದೆಯಾ, ಇದು ರಕ್ತದಲ್ಲೇ ಬರುತ್ತೆ, ಯಾರಿಗೂ ಇಲ್ಲ ಅನ್ನುತ್ತಾನೆ ಅಪ್ಪ, ನಾನು ಕೋಟಿನ ಜೇಬಿನಿಂದ ಬಲಗೈ ತೆಗೆದು ಅವನ ಕೈಯ ಪಕ್ಕದಲ್ಲಿಡುತ್ತೇನೆ, ಡಾಕ್ಟರಮ್ಮ ಸವರಿ ನೋಡುತ್ತಾಳೆ, ಅದೇ ಗಂಟು, ಅದೇ ಕಾಯಿಲೆ, ಪಾಪ, ಇಷ್ಟು ವರ್ಷ ಯಾರಿಗೂ ತೋರಿಸ್ಲಿಲ್ವಾ — ಈಗ ಹೇಳು ಅಪ್ಪ, ನಿನ್ನ ತಪ್ಪಲ್ಲ ಕಣೇ ಅಂದರೂ ಸಾಕು, ಹೊಟ್ಟೆಯುರಿಯನ್ನೆಲ್ಲ ಇಲ್ಲೇ ಬಿಟ್ಟು ಮನೆಗೆ ಹೋಗುತ್ತೇನೆ. ಅವನು ನನ್ನ ಕೈ ನೋಡಿದ, ಚೆನ್ನಾಗಿಯೇ ನೋಡಿದ. ಅವಳದ್ದು ಕಾಯಿಲೆ ಅಲ್ಲಮ್ಮ, ಅವಳು ಹುಟ್ಟಾ ಮೈಗಳ್ಳಿ.

ಬೆರಳು ಬಿಡಿಸಿಕೊಂಡಿತು, ಅವನದು, ಗಾಳಿಯಲ್ಲಿ ಆಡಿಸಿ ನಗುತ್ತಾನೆ, ದಿನಾ ರಾತ್ರಿ ಬೆರಳಿಗೆ ದಬ್ಬೆ ಇಟ್ಟು ಪಟ್ಟಿ ಕಟ್ಟಿ ಮಲಗ್ಬೇಕು, ಆದ್ರೂ ಮತ್ತೆ ಬಗ್ಗಬಹುದು, ಮನೇಲಿ ಯಾರು ಕಟ್ತೀರಿ, ಇಶ್‌ಬೆಲ್ ಕಟ್ತಾಳೆ, ಅವಳಿಗೇನು ಬೇರೆ ಕೆಲಸ, ಕಟ್ತೀನಪ್ಪ ಅಂದೆ, ಎಷ್ಟು ಮೆದುವಾಗಿ ಅಂದೆ, ಬಿಗಿಯಾಗಿರಲಿ, ಆದ್ರೆ ರಕ್ತ ಓಡಾಡ್ಬೇಕು ಎಂದು ತೋರಿಸಿಕೊಟ್ಟು ಡಾಕ್ಟರಮ್ಮ ಕೈ ತೊಳೆಯಲು ತಿರುಗಿದಳು, ನಾನು ಪಟ್ಟಿ ಎಳೆಯುತ್ತೇನೆ, ಇನ್ನೊಂದು ಸುತ್ತು, ಕೊಕ್ಕೆಯಾದ ನನ್ನ ಬೆರಳಿಗೆ ಅದು ಎಷ್ಟು ಚೆನ್ನಾಗಿ ಸಿಗುತ್ತದೆ, ನೋಯ್ತಿದೆ ಕಣೇ, ಇಶ್‌ಬೆಲ್, ಸ್ವಲ್ಪ ಸಡಿಲ ಮಾಡು ಪುಟ್ಟಾ, ಪುಟ್ಟಾ ಅಂದನಲ್ಲ, ನನ್ನನ್ನು, ಈಗ, ಇನ್ನೊಂದು ಸುತ್ತು, ನೋಡಪ್ಪ, ನೆಟ್ಟಗಿದೆ, ಬೆರಳ ತುದಿ ಬಿಳಿ, ಉಗುರು ನೀಲಿ, ನೆಟ್ಟಗಿದೆ, ನೀಲಿ, ನೆಟ್ಟಗೆ —