ಅತ್ತೆಯ ಬ್ಯಾಟರಿ

ಗುಳುಗುಳು, ಹೌದು, ಗುಳುಗುಳು ಅನ್ನುತ್ತಿದೆ, ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳಿಸುತ್ತದೆ, ಗಂಜಿ ಕುದಿಯುವ ಮೊದಲು ತಳದಲ್ಲಿ ಏಳುತ್ತದಲ್ಲ, ಅಂಥ ಸದ್ದು, ಒಲೆ ಮೇಲಿನ ಮೀನಿನ ಸಾರಿನದಲ್ಲ, ಸಾರು ಒಳಗಿದೆ, ನಾನು ಹೊರಕೋಣೆಯಲ್ಲಿ ನೆಲದ ಮೇಲೆ ಮಂಡಿಯೂರಿ ಕೂತಿದ್ದೇನೆ, ಬಾಗಿಲು ಒಂದು ಗೇಣು ತೆರೆದಿದೆ, ಕಡಲ ಗಾಳಿ ನೇರ ಕುತ್ತಿಗೆಗೆ ಹೊಡೆಯುತ್ತಿದೆ — ನಿನ್ನ ಬ್ಯಾಟರಿಗೆ ಜೀವ ಬಂತು ಅತ್ತೆ, ಇಲ್ಲ ಇಲ್ಲ, ಈಗಲೇ ಹಾಗನ್ನಬಾರದು, ಮುಚ್ಚಳ ತೆಗೆದ ಆರು ಬಾಯಿಯಲ್ಲಿ ಐದರಲ್ಲಿ ಗುಳ್ಳೆ ಏಳುತ್ತಿದೆ, ಕೊನೆಯದು ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ಸುಮ್ಮನಿದೆ, ಒಂದು ಸತ್ತರೂ ಉಳಿದ ಐದು ಇದ್ದೂ ಇಲ್ಲದ ಹಾಗೆ, ಮಧ್ಯಾಹ್ನದ ದೋಣಿಯಲ್ಲಿ ಅತ್ತೆ ಬರುತ್ತಾಳೆ, ನಾಳೆಯಿಂದ ದೋಣಿಯಿಲ್ಲ, ಕಡಲು ಮಂಜುಗಡ್ಡೆ ಕಟ್ಟುತ್ತಿದೆ, ಏಳು ಮಗುವೇ, ಏಳು, ಒಂದೇ ಒಂದು ಗುಳ್ಳೆ ಬಿಡು.

ನಿನ್ನೆ ಆಸ್ಪತ್ರೆಯಿಂದ ಅವಳದೇ ಫೋನು, ದನಿ ಬಾವಿಯ ತಳದಿಂದ ಬಂದ ಹಾಗಿತ್ತು, ಆದರೆ ಮಾತು ಮಾತ್ರ ಹಳೆಯದೇ, ಮಾಲ್ಲೆ, ನಾಳೆ ಬರ್ತೀನಿ ಕಣೇ, ಇವರ ಹತ್ರ ಇನ್ನೇನೂ ಔಷಧಿ ಇಲ್ವಂತೆ, ಸುಮ್ನೆ ಮಲಗಿಸ್ಕೊಂಡು ಗಂಜಿ ಕುಡಿಸ್ತಾರೆ, ಆ ಗಂಜಿ ನಮ್ಮ ಹಂದಿನೂ ಮೂಸಲ್ಲ, ನೀನು ಮೋಟಾರು ತಗೊಂಡು ಬಾ, ಪಕ್ಕದ್ಮನೆ ಲೀಡಿ ಕಾರು ತಂದ್ಲೋ, ನಾನು ದೋಣಿಯಿಂದ ಇಳಿಯಲ್ಲ, ಹಾಗೇ ವಾಪಸ್ ಹೋಗ್ತೀನಿ. ಆಮೇಲೆ ಡಾಕ್ಟರು ಫೋನು ಇಸಿದುಕೊಂಡರು, ಹೃದಯ ಪೂರ್ತಿ ಸೋತಿದೆ, ಮನೆಗೆ ಹೋಗಬೇಕು ಅಂತ ಹಟ ಮಾಡುತ್ತಿದ್ದಾರೆ, ಕರೆದುಕೊಂಡು ಹೋಗಿ, ಸೀದಾ ಹಾಸಿಗೆಗೆ, ಬೆಚ್ಚಗಿಡಿ, ನಿಮ್ಮ ಮನೆಯವರಿಗೆಲ್ಲ ತಿಳಿಸಿಬಿಡಿ. ಹೂಂ ಅಂದೆ, ಮನೆಯವರೆಲ್ಲ ಅಂದರೆ ನಾನೊಬ್ಬಳೇ ಅಂತ ಅವರಿಗೆ ಹೇಳಲಿಲ್ಲ, ಫೋನಿಟ್ಟು ಓಡಿಹೋಗಿ ಕೊಟ್ಟಿಗೆಯ ಬಾಗಿಲು ತೆಗೆದರೆ ಮೋಟಾರುಬೈಕಿನ ಸೀಟಿನ ಮೇಲೂ ಪಕ್ಕದ ಸೈಡ್‌ಕಾರಿನ ಮೇಲೂ ಸಂದಿಯಿಂದ ನುಗ್ಗಿದ ಬೆರಳುದ್ದ ಹಿಮ, ಕೀ ಒತ್ತಿದರೆ ಕೆಂಪು ದೀಪ ಹತ್ತಲೇ ಇಲ್ಲ, ಬ್ಯಾಟರಿ ಎತ್ತಿ ಅಲುಗಾಡಿಸಿದರೆ ನೀರಿನ ಸದ್ದೂ ಇಲ್ಲ, ಕಲ್ಲು. ಪ್ರತಿ ವರ್ಷ ಕೋಳಿಯ ಬೋಗುಣಿಯಲ್ಲಿ ನೀರು ಮೊದಲ ಸಲ ಗಡ್ಡೆಯಾದ ದಿನ ಅತ್ತೆಯೇ ಅದನ್ನು ಮೋಟಾರಿನಿಂದ ಬಿಚ್ಚಿ, ಹಸುಗೂಸಿನ ಹಾಗೆ ಎದೆಗವಚಿಕೊಂಡು ಒಳಗೆ ತರುತ್ತಿದ್ದಳು, ಈ ವರ್ಷ ಆ ದಿನ ಅವಳು ಆಸ್ಪತ್ರೆಯ ಮಂಚದ ಮೇಲೆ, ನಾನು ಮಂಚದ ಪಕ್ಕದ ಕುರ್ಚಿಯಲ್ಲಿ, ಬೋಗುಣಿ ನೋಡುವವರು ಯಾರು.

ಹಸಿದ ಬ್ಯಾಟರಿ ಹೆಪ್ಪುಗಟ್ಟುತ್ತೆ ಹುಡುಗಿ, ಹೊಟ್ಟೆ ತುಂಬಿದ್ದನ್ನ ಚಳಿ ಮುಟ್ಟಲ್ಲ — ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಅತ್ತೆ ಹೇಳಿದ್ದು, ಆಗ ನಾನು ಆಚೆ ದಡದ ಊರಿನವಳು, ಈ ಕಿಹ್ನು ದ್ವೀಪದ ಹೆಂಗಸರು ಉದ್ದ ಲಂಗ ಉಟ್ಟುಕೊಂಡು ಮೋಟಾರುಬೈಕು ಓಡಿಸುವುದನ್ನು ಕಂಡು ಬಾಯಿ ಬಿಟ್ಟವಳು, ನಾನು ಹೆದರಿಕೊಂಡು ಅರ್ಧ ಆಲೂಗಡ್ಡೆ ತಿಂದು ಸಾಕು ಅಂದರೆ ಅತ್ತೆ ತಟ್ಟೆಗೆ ಇನ್ನೆರಡು ಹಾಕಿ, ಮೇಲೊಂದು ಉಪ್ಪುಮೀನು ಇಟ್ಟು, ತಿನ್ನು, ಹೆಪ್ಪುಗಟ್ಟಿ ಒಡೆದುಹೋದ್ರೆ ಹೊಸಾದು ಎಲ್ಲಿಂದ ತರ್ಲಿ ಅನ್ನುತ್ತಿದ್ದಳು. ಹೆಪ್ಪುಗಟ್ಟಿದ್ದಕ್ಕೆ ಕರೆಂಟು ಕೊಡಬೇಡ, ಸಿಡಿದು ಮುಖಕ್ಕೆ ಹಾರುತ್ತೆ, ಮೊದಲು ತಾನಾಗಿ ಕರಗಲಿ, ಒಲೆ ಮೇಲೆ ಇಡಬೇಡ, ಒಲೆಯಿರೋ ಮನೇಲಿ ಇಡು ಸಾಕು. ನಿನ್ನೆ ಹಾಗೆಯೇ ಮಾಡಿದೆ, ಹಳೇ ಪತ್ರಿಕೆ ಹಾಸಿ ಬೆಂಚಿನ ಮೇಲಿಟ್ಟೆ, ಬೆಳಿಗ್ಗೆ ಎದ್ದು ಮೊದಲು ಪತ್ರಿಕೆ ಮುಟ್ಟಿ ನೋಡಿದೆ, ಒದ್ದೆಯಿಲ್ಲ, ಕಲೆಯಿಲ್ಲ, ಅಂದರೆ ಡಬ್ಬಿ ಬಿರಿದಿಲ್ಲ, ದೇವರೇ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ಇಲ್ಲಿಗೆ ತಂದೆ, ಬಾಯಿ ತೆರೆದು ಕರೆಂಟು ಕೊಡುವಾಗ ಬೆಂಕಿಯ ಹತ್ತಿರ ಕೂಡದು, ಏಳುವ ಹೊಗೆ ಸಿಡಿಮದ್ದಿದ್ದ ಹಾಗೆ, ಚಳಿಯಾದರೆ ಆಗಲಿ, ಬಾಗಿಲು ತೆರೆದಿರಲಿ.

ಬಾಗಿಲು ಕಿರ್ರೆನ್ನುತ್ತಿದೆ, ಲೀಡಿ, ಪಕ್ಕದ ಮನೆಯವಳು, ಬೂಟಿನ ಹಿಮ ಕೊಡವುತ್ತ ಒಳಗೆ ಬಂದವಳೇ, ಏನೇ, ಮಂಡಿ ಊರ್ಕೊಂಡು ಪ್ರಾರ್ಥನೆನಾ, ಚರ್ಚು ಆ ಕಡೆ ಇದೆ, ಅನ್ನುತ್ತಾಳೆ, ಬಾಯಿ ಮುಚ್ಚೇ, ಒಂದು ಬಾಯಿ ಇನ್ನೂ ಎದ್ದಿಲ್ಲ ಅನ್ನುತ್ತೇನೆ, ನನ್ನ ಬಾಯಿ ಕೊಡ್ಲಾ, ಅದು ಯಾವತ್ತೂ ಸುಮ್ನಿರಲ್ಲ ಅಂತ ಅಲ್ಲೇ ಕೂರುತ್ತಾಳೆ, ನಿನ್ನತ್ತೆಗೂ ನಿಂಗೂ ತಲೆ ಕೆಟ್ಟಿದೆ, ನನ್ನ ಕಾರಲ್ಲಿ ಸೀಟು ಬಿಸಿಯಾಗುತ್ತೆ, ಮುದುಕಿ ಕುಂಡಿ ಬೆಚ್ಚಗಿಟ್ಕೊಂಡು ಬರೋದು ಬಿಟ್ಟು. ಬರಲ್ಲ ಲೀಡಿ. ಬರದೇ ಎಲ್ಲಿಗೆ ಹೋಗ್ತಾಳೆ? ಬರಲ್ಲ ಅಂದ್ರೆ ಬರಲ್ಲ, ನಿಂಗೆ ಗೊತ್ತಿಲ್ವಾ ಅವಳು. ಗೊತ್ತು, ಗೊತ್ತು, ಅಂತ ಲೀಡಿ ನಿಟ್ಟುಸಿರು ಬಿಡುತ್ತಾಳೆ, ಹೋಗ್ಲಿ ನನ್ನ ಕಾರಿಂದ ತಂತಿ ಕೊಟ್ಟು ಎಬ್ಬಿಸ್ತೀನಿ ಅನ್ನುತ್ತಾಳೆ, ಎಬ್ಬಿಸಬಹುದು, ಆದರೆ ಬಂದರಿನಲ್ಲಿ ನಿಂತುಹೋದರೆ, ಊರೆಲ್ಲ ನೋಡುತ್ತಿರುವಾಗ, ಅತ್ತೆಯ ಮುಂದೆ — ಸರಿ, ತಂತಿ ಇಟ್ಕೊಂಡು ಮೀನಿನ ಶೆಡ್ಡಿನ ಹಿಂದೆ ಕಾರು ನಿಲ್ಸಿರು, ಅವಳ ಕಣ್ಣಿಗೆ ಬೀಳಬೇಡ. ಈ ವಯಸ್ಸಲ್ಲಿ ನನ್ನ ಕಳ್ಳಿ ಮಾಡ್ತೀಯಲ್ಲೇ, ಅಂತ ಗೊಣಗಿದರೂ ಹೋಗುವ ಮುಂಚೆ ಸಾರಿನ ಮುಚ್ಚಳ ತೆಗೆದು ನೋಡಿ, ಸೊಪ್ಪು ಕತ್ತರಿಸಿ ಹಾಕಿ, ಒಲೆಗೆ ಎರಡು ಸೌದೆ ತುರುಕಿಯೇ ಹೋಗುತ್ತಾಳೆ, ಪುಣ್ಯಾತ್ಗಿತ್ತಿ, ಇಂಥವರು ಇಲ್ಲದಿದ್ದರೆ ಈ ದ್ವೀಪದಲ್ಲಿ ಒಂದು ಚಳಿಗಾಲವನ್ನೂ ಕಳೆಯಲಾಗುತ್ತಿರಲಿಲ್ಲ.

ಈ ಏಪ್ರನ್ ನೋಡು, ಆ ಆಸಿಡ್ಡು ಒಂದು ಹನಿ ಸಿಡಿದರೂ ಆಗ ಏನೂ ಕಾಣುವುದಿಲ್ಲ, ಒಗೆದು ಒಣಗಿಸುವಾಗ ತೂತು, ಲಂಗದ ಉಣ್ಣೆ ತಡೆದುಕೊಳ್ಳುತ್ತದೆ, ಏಪ್ರನ್ನಿನ ಹತ್ತಿ ತಡೆಯುವುದಿಲ್ಲ, ನನ್ನ ಎಲ್ಲ ಏಪ್ರನ್ನೂ ಜಾಲರಿ, ಅತ್ತೆಯದೂ ಜಾಲರಿ. ಇಲ್ಲಿ ಇದು ಮದುವೆಯಾದವಳು ಮಾತ್ರ ಕಟ್ಟುವ ಬಟ್ಟೆ, ನನ್ನ ಗಂಡ ಎವಾಲ್ಡ್ ಫಿನ್ಲೆಂಡಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಉಳಿದ ವರ್ಷ ಊರಿನವರ ಕಣ್ಣೆಲ್ಲ ನನ್ನ ಸೊಂಟದ ಮೇಲೆ, ಇವಳು ಇನ್ನೂ ಇದನ್ನು ಕಟ್ಟಬಹುದೋ ಬಾರದೋ ಅಂತ, ನಾನೇ ಬಿಚ್ಚಿಟ್ಟು ಸೂತಕದ ಕಪ್ಪು ಲಂಗ ಉಟ್ಟು ಕೂತಿದ್ದೆ, ದಡದ ಊರಿಗೆ ವಾಪಸ್ ಹೋಗಲು ಗಂಟು ಕಟ್ಟಿದ್ದೆ, ಅತ್ತೆ ಒಳಗೆ ಬಂದಳು, ಯಾರು ಸತ್ತಿದ್ದು ಅಂದಳು, ಯಾರೂ ಇಲ್ಲ ಅಂದೆ, ಹಾಗಾದ್ರೆ ಕೆಂಪು ಉಡು, ಅಂದಳು, ಏಪ್ರನ್ ಎತ್ತಿಕೊಂಡು ನನ್ನ ಸೊಂಟಕ್ಕೆ ತಾನೇ ಕಟ್ಟಿದಳು, ಗಂಟು ಎಷ್ಟು ಬಿಗಿಯಿತ್ತೆಂದರೆ ಉಸಿರು ಸಿಕ್ಕಿಕೊಂಡಿತು, ಮದುವೆ ದಿನ ಇದನ್ನ ಕಟ್ಟಿದ್ದು ಅವನಲ್ಲ, ನಾನು, ಬಿಚ್ಚೋದಾದ್ರೆ ನಾನು ಬಿಚ್ತೀನಿ. ಆಮೇಲೆ ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ಬ್ಯಾಟರಿ ಕೂರಿಸುವುದನ್ನು ಕಲಿಸಿದಳು, ಅವತ್ತೇ, ನನ್ನ ಕಣ್ಣೀರು ಇನ್ನೂ ಆರಿರಲಿಲ್ಲ, ಹಾಕೋವಾಗ ಕೂಡಿಸೋ ಗುರುತಿನ ತಂತಿ ಮೊದಲು, ಬಿಚ್ಚೋವಾಗ ಕಳೆಯೋ ಗುರುತಿಂದು ಮೊದಲು, ನೆನಪಿಡು, ಕಳೆಯೋನು ಯಾವಾಗ್ಲೂ ಮೊದಲು ಹೊರಗೆ, ಅಂದವಳು ಒಂದು ಕ್ಷಣ ನಿಂತು ನನ್ನ ಮುಖ ನೋಡಿದಳು, ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಸ್ವಂತ ಮಗನನ್ನೇ ಹಾಗಂದಳಲ್ಲ, ನಗುತ್ತ ನಗುತ್ತ ಅವಳೂ ಅತ್ತಳು, ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೋಟಾರು ನಿಂದು ಕಣೇ, ಅವನ್ದಲ್ಲ. ನನ್ನ ತಾಯಿ ನನಗೆ ಜನ್ಮ ಕೊಟ್ಟಳು, ಇವಳು ಊರು ಕೊಟ್ಟಳು, ಚಳಿಯಲ್ಲಿ ಎದ್ದು ಹೊರಡುವುದನ್ನು ಕಲಿಸಿದಳು, ಈ ಮಾತನ್ನು ಅವಳ ಮುಂದೆ ಹೇಳಿದರೆ ಬಾಯಿ ತೊಳ್ಕೋ ಹೋಗು ಅನ್ನುತ್ತಾಳೆ.

ಬಂತು! ಕೊನೆಯ ಬಾಯಿಯಲ್ಲಿ ಒಂದು, ಸಣ್ಣದು, ಸಾಸಿವೆಯಷ್ಟು, ಇನ್ನೊಂದು, ಹಾಗೇ ಬಾ, ಹಾಗೇ, ಈಗ ಸಾಲಾಗಿ — ಅತ್ತೆ, ಆರೂ ಎದ್ದವು. ಇನ್ನು ಕಾಯಲು ಹೊತ್ತಿಲ್ಲ, ಮೊದಲು ಕರೆಂಟು ತೆಗಿ, ಆಮೇಲೆ ಚಾರ್ಜರಿನ ಹಿಡಿಕೆ ತೆಗಿ, ಶುದ್ಧ ನೀರು ಒಂದೊಂದು ಗುಟುಕು, ಬಾಯಿ ಮುಚ್ಚು, ತಂತಿ ಸಿಕ್ಕಿಸುವ ಕಂಬಗಳ ಮೇಲಿನ ಬಿಳಿ ಹಸಿರು ಬೂಷ್ಟನ್ನು ಸೋಡಾ ಕಲಸಿದ ಬಿಸಿನೀರಲ್ಲಿ ಉಜ್ಜು, ಒರೆಸು, ಒಣಗಲಿ, ಮೇಲೆ ವ್ಯಾಸಲೀನು, ಅತ್ತೆಯ ಕಾಲದಲ್ಲಿ ಸೀಲ್ ಪ್ರಾಣಿಯ ಕೊಬ್ಬು ಹಚ್ಚುತ್ತಿದ್ದರು, ಊರ ನಾಯಿಯೆಲ್ಲ ಮೋಟಾರಿನ ಹಿಂದೆ ಓಡಿಬರುತ್ತಿದ್ದವಂತೆ. ಎದೆಗವಚಿಕೊಂಡು ಕೊಟ್ಟಿಗೆಗೆ, ಕೂಡಿಸುವುದು ಮೊದಲು, ಕಳೆಯುವುದು ಆಮೇಲೆ, ಬಿಗಿ, ಇನ್ನೂ ಬಿಗಿ, ಮೊಳೆಯಂಥ ಕೀಯನ್ನು ಒತ್ತುತ್ತೇನೆ, ಕೆಂಪು ದೀಪ ಹತ್ತಿತು, ಮಸುಕು, ಆದರೆ ಹತ್ತಿತು, ಮೋಟಾರನ್ನು ಬಾಗಿಲಿನ ಹೊರಗೆ ತಳ್ಳಿ, ಲಂಗ ಎತ್ತಿ ಸಿಕ್ಕಿಸಿಕೊಂಡು ಕಿಕ್ಕರು ಒದೆಯುತ್ತೇನೆ, ಕೆಮ್ಮಿತು, ಒದೆಯುತ್ತೇನೆ, ಸುಮ್ಮನಾಯಿತು, ಚೋಕು, ಮಾಲ್ಲೆ, ಚೋಕು ಎಳೆಯದೇ ಒದೀತಿದ್ದೀಯಲ್ಲ, ಒದೆಯುತ್ತೇನೆ, ಡಬ್, ಡಬ್ ಡಬ್ ಡಬ್, ಕೊಟ್ಟಿಗೆಯ ಮಾಡಿನಿಂದ ಹಿಮ ಜಾರಿ ನನ್ನ ತಲೆಯ ಮೇಲೇ ಬಿತ್ತು, ಬೀಳಲಿ.

ಬಂದರು ಮುಟ್ಟುವಷ್ಟರಲ್ಲಿ ದೋಣಿ ಬಂದುಬಿಟ್ಟಿದೆ, ತೆಳು ಗಡ್ಡೆ ಸೀಳಿಕೊಂಡು ಬಂದ ಕಪ್ಪು ದಾರಿ ಅದರ ಹಿಂದೆ ಕಾಣುತ್ತಿದೆ, ಎಂಜಿನ್ನು ಆರಿಸಿಲ್ಲ ನಾನು, ಆರಿಸುವ ಧೈರ್ಯವಿಲ್ಲ, ಇಬ್ಬರು ನಾವಿಕರ ನಡುವೆ ಅತ್ತೆ ಇಳಿದು ಬರುತ್ತಿದ್ದಾಳೆ, ಇಷ್ಟು ಸಣ್ಣವಳಾಗಿದ್ದು ಯಾವಾಗ, ತಲೆವಸ್ತ್ರದೊಳಗೆ ಮುಖ ಒಂದು ಮುಷ್ಟಿಯಷ್ಟಿದೆ, ಆದರೆ ಲಂಗ ಕೆಂಪು, ಆಸ್ಪತ್ರೆಯಿಂದಲೂ ಕೆಂಪು ಉಟ್ಟೇ ಬಂದಿದ್ದಾಳೆ. ನನ್ನನ್ನು ನೋಡಲಿಲ್ಲ, ಮೊದಲು ಮೋಟಾರನ್ನು ನೋಡಿದಳು, ಬಗ್ಗಿ ಕಿವಿಗೊಟ್ಟಳು, ಹೊದ್ದ ಕಂಬಳಿಯೊಳಗಿಂದ ಒಂದು ಕೈ ಬಂತು, ಬರಿಗೈ, ಸೂಜಿ ಚುಚ್ಚಿದ ಜಾಗವೆಲ್ಲ ನೀಲಿ, ಆ ಕೈ ಸೀದಾ ಮೋಟಾರಿನ ಮುಂದಿನ ದೀಪದ ಮೇಲಿರುವ ಕೀ ಹಿಡಿದು ಮೊಳೆ ಕಿತ್ತ ಹಾಗೆ ಕಿತ್ತಿತು. ಸದ್ದು ನಿಂತುಹೋಯಿತು. ಬಂದರೆಲ್ಲ ನಮ್ಮನ್ನೇ ನೋಡುತ್ತಿದೆ, ಶೆಡ್ಡಿನ ಹಿಂದಿನಿಂದ ಲೀಡಿಯ ಕಾರಿನ ಮೂತಿ ಅರ್ಧ ಹೊರಗೆ, ಅಯ್ಯೋ ಅತ್ತೆ, ಯಾಕೆ ಆರಿಸ್ದೆ, ಅನ್ನುತ್ತೇನೆ, ತಿರುಗ ಎಬ್ಬಿಸು, ನೋಡೋಣ, ಅನ್ನುತ್ತಾಳೆ, ಒಂದ್ಸಲ ಎಬ್ಬಿಸೋದು ದೊಡ್ಡದಲ್ಲ ಕಣೇ, ನಿಂತಮೇಲೆ ಎಬ್ಬಿಸ್ಬೇಕು, ನಾನು ನೋಡ್ಕೊಂಡು ಹೋಗ್ತೀನಿ. ಹೋಗುವುದು ಎಲ್ಲಿಗೆ ಅಂತ ನನಗೆ ಗೊತ್ತು, ಕೀ ಇಸಿದುಕೊಂಡು ಒತ್ತಿದೆ, ಕೆಂಪು ದೀಪ ಬಂತು, ಒದ್ದೆ, ಒಂದೇ ಒದೆಗೆ ಡಬ್ ಡಬ್ ಡಬ್. ಹೂಂ, ಅಂದಳು ಅತ್ತೆ, ಅಷ್ಟೇ, ಆ ಹೂಂಗೆ ನಾನು ಇಡೀ ಜನ್ಮ ಕಾದಿದ್ದೆನೋ ಏನೋ, ಆಮೇಲೆ ಸೈಡ್‌ಕಾರಿಗೆ ಹತ್ತಿ ಕೂತು ಶೆಡ್ಡಿನ ಕಡೆ ತಿರುಗಿ, ಲೀಡಿ, ಚಳೀಲಿ ಯಾಕೆ ಕದ್ದು ನಿಂತಿದ್ದೀಯ, ಮನೆಗೆ ಹೋಗಿ ಸಾರು ನೋಡ್ಕೋ ಹೋಗು, ಅಂತ ಕೂಗಿದಳು, ಕೂಗಿ ಎರಡು ನಿಮಿಷ ಏದುಸಿರು ಬಿಟ್ಟಳು.

ಮೆಲ್ಲಗೆ ಓಡಿಸುತ್ತಿದ್ದೇನೆ, ಹಳ್ಳ ತಪ್ಪಿಸಿ, ಮಂಜುಗಡ್ಡೆ ತಪ್ಪಿಸಿ, ಪಕ್ಕದಲ್ಲಿ ಆ ಕೈ ಸೈಡ್‌ಕಾರಿನ ಅಂಚು ಹಿಡಿದಿದೆ, ನೀಲಿ ಕಲೆಯ ಕೈ, ಕೈಗವಸು ಹಾಕ್ಕೋ ಅತ್ತೆ ಅಂದರೆ ಕೇಳುವುದಿಲ್ಲ, ಬರಿಗೈಗೇ ಎಂಜಿನ್ನಿನ ನಡುಕ ಗೊತ್ತಾಗೋದು ಅನ್ನುತ್ತಾಳೆ. ನಮ್ಮ ಬೇಲಿ ಬಂತು, ಹೊಗೆಗೂಡಿನಿಂದ ಹೊಗೆ ಏಳುತ್ತಿದೆ, ಹಾಸಿಗೆ ಬೆಚ್ಚಗಿದೆ, ಸೀದಾ ಹಾಸಿಗೆಗೆ ಅಂದಿದ್ದಾರೆ ಡಾಕ್ಟರು, ಬ್ರೇಕು ಒತ್ತುತ್ತೇನೆ, ಕೈ ಮೇಲೆದ್ದಿತು, ಗೇಟಿನ ಕಡೆ ಅಲ್ಲ, ಮುಂದಕ್ಕೆ ತೋರಿಸಿತು. ಅತ್ತೆ, ಮನೆ ಬಂತು. ಗೊತ್ತು, ಕುರುಡಿ ಅಲ್ಲ ನಾನು, ಎರಡು ಹೆಜ್ಜೆ ಓಡಿಸಿ ನಿಲ್ಲಿಸಿದ್ರೆ ಅದರ ಹೊಟ್ಟೆ ತುಂಬುತ್ತೇನೇ, ಎಬ್ಬಿಸೋಕೆ ಖರ್ಚಾಗಿದ್ದೂ ವಾಪಸ್ ಬರಲ್ಲ, ನಡಿ, ದೀಪಸ್ತಂಭದ ತನಕ ನಡಿ, ತುಂಬಲಿ. ಡಾಕ್ಟರು — ಡಾಕ್ಟರಿಗೆ ಬ್ಯಾಟರಿ ಬಗ್ಗೆ ಏನು ಗೊತ್ತು, ನಡಿಯೇ. ದೀಪ ಆರಿಸು, ಹಗಲಲ್ಲಿ ಯಾಕೆ ದಂಡ, ಸ್ವಲ್ಪ ಜೋರಾಗಿ, ಇಷ್ಟು ಮೆಲ್ಲಗೆ ಹೋದ್ರೆ ಅದು ತಿನ್ನಲ್ಲ. ಆಕ್ಸಿಲರೇಟರು ತಿರುವುತ್ತೇನೆ, ಬೇಲಿ ಹಿಂದೆ ಹೋಯಿತು, ಪೈನ್ ಮರಗಳು, ಚರ್ಚಿನ ಹಸಿರು ಗೋಪುರ, ಅದರ ಪಕ್ಕದ ಸ್ಮಶಾನದ ಗೇಟು ಬಂದಾಗ ನನ್ನ ಬೆರಳು ತಾನಾಗಿ ಸಡಿಲಾಯಿತು, ಪಕ್ಕಕ್ಕೆ ನೋಡಿದೆ, ಅವಳು ಆ ಕಡೆ ತಿರುಗಲಿಲ್ಲ, ಕೈ ಮುಂದಕ್ಕೆ, ಗಾಳಿಗೆ ಕಣ್ಣಲ್ಲಿ ನೀರು, ಗಾಳಿಗೇ ಅಂದುಕೊಳ್ಳುತ್ತೇನೆ, ಕೆಂಪು ದೀಪ ಆರಿದೆ, ಅಂದರೆ ತುಂಬುತ್ತಿದೆ, ಅತ್ತೆ, ತುಂಬುತ್ತಿದೆ, ನೀನು ಕೊಟ್ಟದ್ದೆಲ್ಲ ಇದೆ, ಒಂದೂ ಒಡೆದಿಲ್ಲ, ದೀಪಸ್ತಂಭದ ಹತ್ತಿರ ರಸ್ತೆ ಮುಗಿಯಿತು, ಮುಂದೆ ಕಡಲು, ತಿರುಗಿಸಿದೆ, ಸಾಕಾ ಅತ್ತೆ, ತುಂಬಿತಾ, ಅವಳು ಬೆರಳು ಅಲ್ಲಾಡಿಸಿದಳು, ಇನ್ನೂ, ಇನ್ನೂ, ಮತ್ತೆ ಮರಗಳು, ಮತ್ತೆ ಗೋಪುರ, ಮತ್ತೆ ನಮ್ಮ ಬೇಲಿ, ಬಾಗಿಲಲ್ಲಿ ಲೀಡಿ ಸೌಟು ಹಿಡಿದು ಏನೋ ಕೂಗುತ್ತಿದ್ದಾಳೆ, ನಾನು ಬ್ರೇಕಿನ ಮೇಲೆ ಕಾಲಿಟ್ಟು ಪಕ್ಕಕ್ಕೆ ನೋಡುತ್ತೇನೆ, ಆ ಕೈ, ಕಂಬಳಿಯಿಂದ ಹೊರಗೆ, ಬರಿಗೈ, ಬೆರಳು ಇನ್ನೂ ಅಲ್ಲಾಡುತ್ತಿದೆ, ಮುಂದಕ್ಕೆ.