ಒಂದು ಚೀಟಿಗೆ ಹಲವು ಹೆಸರು

ಚೂಡಾಮಣಿ ಮೈಸೂರಿನವಳು. ಗಂಡನ ಕೆಲಸದ ದೆಸೆಯಿಂದ ದೋಹಾಕ್ಕೆ ಬಂದು, ಇಲ್ಲಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ತಾನೂ ಪ್ರೋಗ್ರಾಮರ್ ಆಗಿ ಸೇರಿ ಎರಡು ವರ್ಷವಾಗಿತ್ತು. ೧೯೯೭ರ ಏಪ್ರಿಲ್‌ನಲ್ಲಿ ಅವಳು ಮೊದಲ ಸಲ ಒಬ್ಬಳೇ ಕೂತು ಒಂದು ಪ್ರೋಗ್ರಾಂ ಬರೆದಳು. ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ಏಸಿ ರಿಪೇರಿ ಕಂಪನಿ ಇಟ್ಟಿದ್ದ ಬಂಟ್ವಾಳದ ಶಾಫಿ ಅವರಿಗೆ, ಫೋನಿನಲ್ಲಿ ಬಂದದ್ದನ್ನೆಲ್ಲ ಬರೆದಿಡಲು. ಅದರಲ್ಲಿ ಮನೆ, ಮಷೀನು, ಸಮಯ, ದೂರು, ಇತರೆ ಎಂದು ಐದು ಖಾನೆಗಳು. ಪ್ರತಿ ಟಿಪ್ಪಣಿಯೂ ಒಂದು ಖಾನೆಗೆ.

ತಿಂಗಳ ನಂತರ ಹೋಗಿ ನೋಡಿದರೆ ‘ಇತರೆ’ಯಲ್ಲಿ ಮುನ್ನೂರ ಹನ್ನೆರಡು ಟಿಪ್ಪಣಿ. ಉಳಿದ ನಾಲ್ಕೂ ಹೆಚ್ಚುಕಡಿಮೆ ಖಾಲಿ. ಕಂಪ್ಯೂಟರಿನ ಅಂಚಿಗೆ ಹಳದಿ ಚೀಟಿಗಳ ಸಾಲು ಬೇರೆ.

ಫೋನು ನೋಡಿಕೊಳ್ಳುತ್ತಿದ್ದವರು ಬರ್ನಡೆಟ್, ಕಿನ್ನಿಗೋಳಿಯವರು, ಐವತ್ತು ದಾಟಿದ ಹೆಂಗಸು.

“ಮೇಡಂ, ಇಷ್ಟು ಚೆನ್ನಾಗಿ ಖಾನೆ ಮಾಡಿಕೊಟ್ಟಿದೀನಿ, ಒಂದರಲ್ಲೂ ಹಾಕಿಲ್ವಲ್ಲ?” ಚೂಡಾಮಣಿಯ ದನಿಯಲ್ಲಿ ಬೇಸರವಿತ್ತು.

“ಸಿಟ್ಟು ಮಾಡ್ಬೇಡಿ. ಒಂದು ಗಂಟೆ ನನ್ನ ಹತ್ರ ಕೂತ್ಕೊಳ್ಳಿ, ಆಮೇಲೆ ಬೈಯಿರಿ,” ಎಂದು ಬರ್ನಡೆಟ್ ಕುರ್ಚಿ ಎಳೆದು ಕೊಟ್ಟರು.

ಹತ್ತು ನಿಮಿಷದಲ್ಲಿ ಅಬು ಹಮೂರ್ ಬಡಾವಣೆಯ ಮನೆಯೊಂದರಿಂದ ಫೋನು ಬಂತು. ಕಂಪ್ರೆಸರ್ ಸದ್ದು ಮಾಡುತ್ತಿದೆ. ಆದರೆ ಮಧ್ಯಾಹ್ನ ಯಾರೂ ಬರಕೂಡದು, ಮಗು ಮಲಗಿರುತ್ತದೆ. ಬರ್ನಡೆಟ್ ಅದನ್ನೇ ಮೂರು ಚೀಟಿಯಲ್ಲಿ ಬರೆದು ಮೂರು ಕಡೆ ಅಂಟಿಸಿದರು.

“ಇದು ಮನೆಯಾ, ಮಷೀನಾ, ಸಮಯವಾ? ನೀವೇ ಹೇಳಿ.”

“ಯಾವುದಾದರೂ ಒಂದು ಆರಿಸಿ.”

“ಒಂದರಲ್ಲಿ ಹಾಕಿದ್ರೆ ಇನ್ನೆರಡರಲ್ಲಿ ಹುಡುಕುವಾಗ ಸಿಗುವುದಿಲ್ಲ ಮಾರಾಯ್ತಿ. ಅದಕ್ಕೇ ಎಲ್ಲ ‘ಇತರೆ’ಗೆ ಹಾಕಿದೆ. ಅಲ್ಲಿದೆ ಅಂತಾದರೂ ಗೊತ್ತಿರ್ತದಲ್ಲ?”

ಚೂಡಾಮಣಿ ಮೂರು ಚೀಟಿಗಳನ್ನೂ ಒಂದೊಂದಾಗಿ ಓದಿದಳು. ಖಾನೆಗಳನ್ನು ಯೋಚಿಸಿದ್ದು ತಾನು, ಹುಡುಕಬೇಕಾದವರು ಇವರು. ಒಂದು ಮಾತೂ ಕೇಳದೆ ಮಾಡಿಕೊಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಒಂದು ಗಂಟೆಗೆಂದು ಕೂತವಳು ಆಫೀಸು ಮುಚ್ಚುವವರೆಗೂ ಕೂತಳು.

ಐದು ದಿನದ ಮೇಲೆ ಹೊಸ ಪ್ರೋಗ್ರಾಂ ಇದ್ದ ಫ್ಲಾಪಿ ತಂದಳು. ಖಾನೆಗಳೇ ಇರಲಿಲ್ಲ. ಟಿಪ್ಪಣಿಯ ಕೆಳಗೆ ಒಂದು ಖಾಲಿ ಸಾಲು. ಅಲ್ಲಿ ಬೇಕಾದ ಹೆಸರುಗಳನ್ನು ಬೇಕಾದಷ್ಟು ಬರೆಯಬಹುದು. ಯಾವ ಹೆಸರಿನಿಂದ ಕೇಳಿದರೂ ಅದೇ ಟಿಪ್ಪಣಿ ಎದುರಿಗೆ ಬರುತ್ತದೆ.

“ಕೊಂಕಣಿಯಲ್ಲಿ ಬರೆದ್ರೆ?”

“ಇಂಗ್ಲಿಷ್ ಅಕ್ಷರದಲ್ಲಿ ಏನು ಬೇಕಾದರೂ ಬರೀರಿ.”

ಬರ್ನಡೆಟ್ ಕನ್ನಡಕ ಸರಿಮಾಡಿಕೊಂಡು ಹಳೆಯ ಟಿಪ್ಪಣಿಗಳಿಗೆ ಹೆಸರಿಡಲು ಕೂತರು. ‘ಕಂಪ್ರೆಸರ್ ಸದ್ದು’, ‘ಮಧ್ಯಾಹ್ನ ಬೇಡ’, ‘ನಾಯಿ ಇದೆ’, ‘ಚಹಾ ಕೊಡುತ್ತಾರೆ’. ಕೊನೆಯದನ್ನು ನೋಡಿ ಮೆಕ್ಯಾನಿಕ್‌ಗಳು ಆ ಮನೆಗಳಿಗೆ ತಾವೇ ಹೋಗುತ್ತೇವೆಂದು ಜಗಳ ಶುರುಮಾಡಿದರು.

ಜುಲೈನಲ್ಲಿ, ರಸ್ತೆಯ ಡಾಂಬರೇ ಮೆತ್ತಗಾಗುವ ಬಿಸಿಲಿನಲ್ಲಿ, ಹಿಂದೆ ಸದ್ದಿನ ದೂರು ಬಂದು ಸದ್ಯಕ್ಕೆ ಸರಿಮಾಡಿದ್ದ ಎರಡು ಕಂಪ್ರೆಸರ್‌ಗಳು ಒಂದೇ ದಿನ ನಿಂತುಹೋದವು. ಶಾಫಿ ಓಡಿಬಂದರು. “ಇಂಥದ್ದು ಇನ್ನು ಎಷ್ಟು ಮನೆಯಲ್ಲಿ ಉಂಟು?”

ಬರ್ನಡೆಟ್ ‘ಕಂಪ್ರೆಸರ್ ಸದ್ದು’ ಎಂದು ಎರಡು ಪದ ಟೈಪ್ ಮಾಡಿದರು. ಇನ್ನೂ ಒಂಬತ್ತು ಮನೆಗಳು ಸಾಲಾಗಿ ಬಂದವು. ಅವುಗಳಲ್ಲಿ ಅಬು ಹಮೂರ್‌ನ ಮಗುವಿನ ಮನೆ ಮೊದಲು ಎಂದು ಅವರೇ ತೀರ್ಮಾನಿಸಿ, ಬೆಳಿಗ್ಗೆಯೇ ಮೆಕ್ಯಾನಿಕ್‌ನನ್ನು ಕಳಿಸಿದರು. ಎರಡು ದಿನದಲ್ಲಿ ಒಂಬತ್ತೂ ಮನೆಯ ರಿಪೇರಿ ಖಲಾಸ್. ಒಂದರಲ್ಲೂ ಏಸಿ ನಿಲ್ಲಲಿಲ್ಲ. ವಕ್ರಾ ಎಂಬ ಊರಿನ ಯಜಮಾನರೊಬ್ಬರು ಮಾತ್ರ, ಈ ಸಲ ನಾನು ಫೋನೇ ಮಾಡಿಲ್ಲ, ಹೇಗೆ ಬಂದಿರಿ ಎಂದು ಮೆಕ್ಯಾನಿಕ್‌ನನ್ನು ಬಾಗಿಲಲ್ಲೇ ನಿಲ್ಲಿಸಿ ಸಂಶಯಪಟ್ಟರಂತೆ.

ಸುದ್ದಿ ಕೇಳಿ ಚೂಡಾಮಣಿ ಸಿಹಿ ಹಿಡಿದುಕೊಂಡು ಬಂದಳು. ಬರ್ನಡೆಟ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಪಕ್ಕದ ಕುರ್ಚಿ ತೋರಿಸಿದರು.

“ಕೂತ್ಕೊಳ್ಳಿ. ವಕ್ರಾ ಅಂತ ನಾನು ಮೂರು ತರ ಸ್ಪೆಲ್ಲಿಂಗ್ ಬರೆದಿದ್ದೇನೆ. ಮೂರೂ ಒಂದೇ ಅಂತ ಇದಕ್ಕೆ ಹೇಗೆ ತಿಳಿಸುವುದು?”

ಚೂಡಾಮಣಿ ಬ್ಯಾಗಿನಿಂದ ಪೆನ್ನು ತೆಗೆದಳು. “ಮೊದಲು ಆ ಮೂರನ್ನೂ ಹೇಳಿ ಮೇಡಂ, ಬರ್ಕೋತೀನಿ.”